ಹಾಲ್‌ನ ಸೂರಿನಲ್ಲಿ ತೇವ, ಮೇಸ್ತ್ರಿ ನಾಪತ್ತೆ: ಈಗ ಏನು ಮಾಡಲಿ?

ಪ್ರಶ್ನೆ: ವಿಜಯನಗರದಲ್ಲಿ 30×40 ಅಡಿ ಸೈಟಿನಲ್ಲಿ 1997ರಲ್ಲಿ ಕಟ್ಟಿಸಿದ ಮನೆ ನಮ್ಮದು. ಕೆಳಗೆ ನಾನು, ನಮ್ಮ ಯಜಮಾನರು. ಮೇಲಿನ ಮನೆ ಬಾಡಿಗೆಗೆ ಕೊಟ್ಟಿದ್ದೇವೆ. ಎರಡು ವರ್ಷದಿಂದ ನಮ್ಮ ಹಾಲ್‌ನ ಸೂರಿನಲ್ಲಿ, ಟ್ಯೂಬ್‌ಲೈಟಿನ ಪಕ್ಕದಲ್ಲಿ, ತೇವದ ಕಲೆ ಬರುತ್ತಿದೆ. ಬಣ್ಣ ಏಳುತ್ತದೆ, ಬಿಳಿ ಪುಡಿ ಉದುರುತ್ತದೆ. ಏಪ್ರಿಲ್‌ನಲ್ಲಿ ಬಾಡಿಗೆಯವರು ಹನ್ನೆರಡು ದಿನ ಊರಿಗೆ ಹೋಗಿದ್ದಾಗ ಒಣಗಿದ ಹಾಗೆ ಕಂಡಿತ್ತು, ಆಮೇಲೆ ಮತ್ತೆ ಶುರುವಾಯಿತು. ಮೂವರನ್ನು ಕರೆಸಿದೆ. ಒಬ್ಬರು ತಾರಸಿಗೆ ಕೆಮಿಕಲ್ ಕೋಟಿಂಗ್ ಮಾಡಿಸಿ, 65 ಸಾವಿರ, ಹತ್ತು ವರ್ಷ ಗ್ಯಾರಂಟಿ ಎಂದರು. ಇನ್ನೊಬ್ಬರು ಕೆಳಗಿನಿಂದಲೇ ತೂತು ಕೊರೆದು ಬಿರುಕು ತುಂಬಿಸುವ ಇಂಜೆಕ್ಷನ್ ಕೊಡುತ್ತೇವೆ ಎಂದರು. ಮೂರನೆಯವರು ನಮ್ಮ ಬೀದಿಯಲ್ಲೇ ಕೆಲಸ ಮಾಡುತ್ತಿದ್ದ ಮೇಸ್ತ್ರಿ. ಮೇಲಿನ ಬಚ್ಚಲುಮನೆ ಒಡೆದು ಹೊಸದಾಗಿ ಮಾಡಬೇಕು, ಮೆಟೀರಿಯಲ್ ಸಮೇತ 1 ಲಕ್ಷ 20 ಸಾವಿರ ಎಂದರು. ಬಚ್ಚಲು ಕಲೆಯಿಂದ ಐದಾರು ಅಡಿ ದೂರ ಇದೆ, ಅದಕ್ಕೇ ನನಗೆ ಅನುಮಾನ ಇತ್ತು. ಆದರೂ ಒಪ್ಪಿ 70 ಸಾವಿರ ಮುಂಗಡ ಕೊಟ್ಟೆ. ಒಬ್ಬರು ಗಾರೆಯವರು, ಇಬ್ಬರು ಹೆಲ್ಪರ್‌ಗಳು ಆರು ದಿನ ಬಂದು ಟೈಲ್ಸ್, ಅದರ ಕೆಳಗಿನ ಇಟ್ಟಿಗೆ ಚೂರು ಎಲ್ಲಾ ತೆಗೆದು ಹೋದವರು ಹದಿನೆಂಟು ದಿನವಾದರೂ ಬಂದಿಲ್ಲ. ಮೇಸ್ತ್ರಿ ಫೋನ್ ಎತ್ತುವುದಿಲ್ಲ. ಬಾಡಿಗೆಯವರು ನಮ್ಮ ಬಚ್ಚಲನ್ನೇ ಬಳಸುತ್ತಿದ್ದಾರೆ, ಹೀಗೇ ಆದರೆ ಮನೆ ಬಿಡುತ್ತೇವೆ ಎನ್ನುತ್ತಿದ್ದಾರೆ. ನನ್ನ ತಮ್ಮ ಪೊಲೀಸ್ ಕಂಪ್ಲೇಂಟ್ ಕೊಡು ಅನ್ನುತ್ತಾನೆ. ಪರಿಚಯದ ಬಿಲ್ಡರ್ ಒಬ್ಬರು, ಇದು ಹಳೇ ಮನೆ ಅಕ್ಕ, ಕೆಡವಿ ಕಟ್ಟಿಬಿಡಿ ಅನ್ನುತ್ತಾರೆ. ಯಾರ ಮಾತು ನಂಬಲಿ? ಹಾಲ್‌ಗೆ ಬಣ್ಣ ಯಾವಾಗ ಹೊಡೆಸಬಹುದು?

ಉತ್ತರ: ಎಲ್ಲಕ್ಕಿಂತ ಮೊದಲು ಇವತ್ತೇ ಒಂದು ಕೆಲಸ ಮಾಡಿ. ಆ ಟ್ಯೂಬ್‌ಲೈಟಿನ ಲೈನ್ ಯಾವ ಎಂಸಿಬಿಯಿಂದ (ಬೋರ್ಡಿನಲ್ಲಿ ಆ ಲೈನಿಗಿರುವ ಸುರಕ್ಷತಾ ಸ್ವಿಚ್ಚಿನಿಂದ) ಬರುತ್ತದೋ ಅದನ್ನು ಆಫ್ ಮಾಡಿ. ಎಲೆಕ್ಟ್ರಿಷಿಯನ್ ಬಂದು ವೈರ್ ನೋಡುವವರೆಗೆ ಹಾಕಬೇಡಿ. ಸೂರಿನ ತೇವ ಲೈಟ್ ಪಾಯಿಂಟಿನ ಪಕ್ಕದಲ್ಲೇ ಕಾಣುವುದು ಆಕಸ್ಮಿಕವಲ್ಲ, ಅದಕ್ಕೊಂದು ಕಾರಣ ಇದೆ. ಅದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಯಾರನ್ನು ನಂಬಲಿ ಎಂದು ಕೇಳಿದ್ದೀರಿ. ಬಂದ ಮೂವರಲ್ಲಿ ಒಬ್ಬರೂ ನೀರು ಎಲ್ಲಿಂದ ಬರುತ್ತಿದೆ ಎಂದು ಪರೀಕ್ಷೆ ಮಾಡಿದಂತೆ ನಿಮ್ಮ ಪತ್ರದಲ್ಲಿ ಕಾಣಲಿಲ್ಲ. ಕೋಟಿಂಗ್ ಮಾಡುವವರು ಕೋಟಿಂಗ್ ಹೇಳಿದರು, ಇಂಜೆಕ್ಷನ್ ಮಷಿನ್ ಇದ್ದವರು ಇಂಜೆಕ್ಷನ್ ಹೇಳಿದರು, ಗಾರೆ ಮೇಸ್ತ್ರಿ ಒಡೆದು ಕಟ್ಟುವುದನ್ನು ಹೇಳಿದರು. ಅವರು ಮೋಸಗಾರರೆಂದು ನಾನು ಹೇಳುತ್ತಿಲ್ಲ. ತಮಗೆ ಗೊತ್ತಿರುವ ಕೆಲಸವನ್ನು ಹೇಳಿದರು, ಅಷ್ಟೆ. ಕಾರಣ ಹುಡುಕುವುದು ಬೇರೆಯದೇ ಕೆಲಸ. ನಮ್ಮಲ್ಲಿ ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಹಾಗಾಗಿ ಯಾರೂ ಅದನ್ನು ಮಾಡುವುದಿಲ್ಲ.

ಆದರೆ ಉತ್ತರದ ಮುಕ್ಕಾಲು ಪಾಲು ನಿಮ್ಮ ಪತ್ರದಲ್ಲೇ ಇದೆ: ಬಾಡಿಗೆಯವರು ಊರಿಗೆ ಹೋದಾಗ ಕಲೆ ಒಣಗಿತು.

ಸೂರಿನ ತೇವಕ್ಕೆ ಸಾಮಾನ್ಯವಾಗಿ ಮೂರು ಮೂಲಗಳು. ಮಳೆ ನೀರು, ಒತ್ತಡದಲ್ಲಿ ಹರಿಯುವ ನಲ್ಲಿ ಪೈಪು, ಬಳಸಿ ಚೆಲ್ಲಿದ ನೀರು. ಮಳೆಯದಾದರೆ ಮಳೆ ಬಂದ ಮೇಲೆ ಹೆಚ್ಚಬೇಕು, ಜನವರಿ–ಫೆಬ್ರವರಿಯಲ್ಲಿ ಒಣಗಬೇಕು. ಅದೂ ಅಲ್ಲದೆ ತಾರಸಿಗೂ ನಿಮ್ಮ ಹಾಲ್‌ಗೂ ನಡುವೆ ಇಡೀ ಒಂದು ಮನೆ ಇದೆ. ಮೇಲಿನವರ ಸೂರು ಒಣಗಿದ್ದು ನಿಮ್ಮ ಸೂರು ಮಾತ್ರ ತೊಯ್ಯುತ್ತಿದ್ದರೆ ತಾರಸಿಗೆ ಕೋಟಿಂಗ್ ಮಾಡಿಸಿ ಏನೂ ಪ್ರಯೋಜನವಿಲ್ಲ. ನಲ್ಲಿ ಪೈಪು ಸೋರುತ್ತಿದ್ದರೆ ಮನೆಯಲ್ಲಿ ಜನ ಇರಲಿ ಬಿಡಲಿ, ಟ್ಯಾಂಕಿನಲ್ಲಿ ನೀರಿರುವಷ್ಟು ಹೊತ್ತೂ ಸೋರುತ್ತದೆ. ಎರಡು ಮನೆಗೂ ಒಂದೇ ಟ್ಯಾಂಕ್ ಇದ್ದು, ಬಾಡಿಗೆಯವರು ಹೋಗುವಾಗ ತಮ್ಮ ಮನೆಯ ವಾಲ್ವ್ ಮುಚ್ಚಿಟ್ಟು ಹೋಗಿರಲಿಲ್ಲ ಅಂದರೆ, ಆ ಹನ್ನೆರಡು ದಿನವೂ ಪೈಪಿನಲ್ಲಿ ನೀರಿತ್ತು. ಹಾಗಿದ್ದೂ ಒಣಗಿದೆ. ಉಳಿಯುವುದು ಮೂರನೆಯದು: ಸ್ನಾನ ಮಾಡಿದ, ತೊಳೆದ ನೀರು. ನಿಮ್ಮ ಮೇಸ್ತ್ರಿಯ ಊಹೆ ಬಹುಮಟ್ಟಿಗೆ ಸರಿ ಇದ್ದಂತಿದೆ.

ಒಂದು ವಿಷಯ ನೀವು ಬರೆದಿಲ್ಲ. ಈಗ ಇಪ್ಪತ್ತನಾಲ್ಕು ದಿನದಿಂದ ಮೇಲಿನ ಬಚ್ಚಲು ಬಳಕೆಯಲ್ಲಿಲ್ಲ. ಕಲೆ ಒಣಗುತ್ತಿದೆಯೇ? ಪೆನ್ಸಿಲ್‌ನಿಂದ ಕಲೆಯ ಅಂಚು ಗುರುತು ಮಾಡಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ವಾರಕ್ಕೊಮ್ಮೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕುಗ್ಗುತ್ತಿದ್ದರೆ ನಮ್ಮ ತೀರ್ಮಾನ ಗಟ್ಟಿ. ಇನ್ನೂ ಒದ್ದೆಯಾಗಿಯೇ ಇದ್ದರೆ ಒಂದು ರಾತ್ರಿ ಎಲ್ಲಾ ನಲ್ಲಿ ಮುಚ್ಚಿ, ಟ್ಯಾಂಕಿನ ನೀರಿನ ಮಟ್ಟ ಗುರುತಿಸಿ, ಬೆಳಿಗ್ಗೆ ನೋಡಿ. ಇಳಿದಿದ್ದರೆ ಪೈಪೂ ಸೋರುತ್ತಿದೆ. 1997ರ ಮನೆಯಲ್ಲಿ ಗೋಡೆಯೊಳಗೆ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ ಪೈಪ್) ಇರುವ ಸಾಧ್ಯತೆ ಹೆಚ್ಚು. ಒಳಗಿನಿಂದ ತುಕ್ಕು ಹಿಡಿದು ಎಲ್ಬೋಗಳ, ಅಂದರೆ ಪೈಪು ತಿರುಗುವ ಕಡೆಯ ಜೋಡಣೆಗಳ, ಹತ್ತಿರ ತೂತಾಗುವ ವಯಸ್ಸು ಅದಕ್ಕೆ ಬಂದಿದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹದಿನೈದು ವರ್ಷದ ಹಿಂದೆ ಮಲ್ಲೇಶ್ವರದ ಒಂದು ಮನೆಯಲ್ಲಿ ದೇವರ ಕೋಣೆಯ ಗೋಡೆ ತೊಯ್ಯುತ್ತಿತ್ತು. ಸೆಪ್ಟೆಂಬರ್ ತಿಂಗಳು, ಬೆಂಗಳೂರಿಗೆ ಹೆಚ್ಚು ಮಳೆ ಬೀಳುವ ತಿಂಗಳು. ನೋಡಿದ ತಕ್ಷಣ ತಾರಸಿಯದ್ದೇ ಎಂದುಕೊಂಡೆ, ಪರೀಕ್ಷೆ ಮಾಡದೆ ತಾರಸಿಗೆ ಪೂರ್ತಿ ಕೋಟಿಂಗ್ ಮಾಡಿಸಿದೆ. ಜನವರಿಯಲ್ಲಿ, ಒಂದು ಹನಿ ಮಳೆ ಇಲ್ಲದ ಹೊತ್ತಿನಲ್ಲಿ, ಕಲೆ ಮತ್ತೆ ಬಂತು. ಗೋಡೆ ಕೊರೆದು ನೋಡಿದರೆ ಬಿಸಿನೀರಿನ ಪೈಪಿನ ಎಲ್ಬೋ ಸೂಜಿಮೊನೆಯಷ್ಟು ತೂತಾಗಿತ್ತು. ಆ ಮನೆಯ ಹಿರಿಯರು ನನಗೆ ಒಂದು ಮಾತೂ ಅನ್ನಲಿಲ್ಲ. ಎರಡನೇ ಸಲದ ಖರ್ಚು ನಾನೇ ಹಾಕಿದೆ. ಅವತ್ತಿನಿಂದ ಪರೀಕ್ಷೆ ಮಾಡದೆ ನಾನು ಯಾರಿಗೂ ರೇಟು ಹೇಳಿಲ್ಲ.

ಈಗ ನಿಮ್ಮ ಅನುಮಾನಕ್ಕೆ ಬರೋಣ: ಬಚ್ಚಲು ಐದಾರು ಅಡಿ ದೂರ ಇದೆಯಲ್ಲ? ಸೋರುವ ಜಾಗದ ನೇರ ಕೆಳಗೇ ಕಲೆ ಬರುತ್ತದೆ ಎನ್ನುವುದು ಬಹಳ ಜನರ ನಂಬಿಕೆ. ಅದು ನಿಜವಲ್ಲ. ನೀರು ತನಗೆ ಸುಲಭವಾದ ದಾರಿಯಲ್ಲಿ ಹೋಗುತ್ತದೆ. ಮೋಲ್ಡ್, ಅಂದರೆ ಸೂರಿನ ಕಾಂಕ್ರೀಟ್ ಸ್ಲ್ಯಾಬ್, ಹಾಕುವಾಗ ವೈರ್ ಎಳೆಯಲು ಕಾಂಕ್ರೀಟಿನೊಳಗೆ ಪಿವಿಸಿ ಪೈಪ್ ಹೂತಿರುತ್ತಾರೆ. ಬಚ್ಚಲಿನ ಹತ್ತಿರ ಒಂದು ಸಣ್ಣ ಬಿರುಕಿನಿಂದ ನೀರು ಆ ಪೈಪಿಗೆ ಸೇರಿದರೆ ಸಾಕು, ಅದರೊಳಗೇ ಹರಿದು ಎಲ್ಲಿ ಬಾಯಿ ತೆರೆದಿದೆಯೋ ಅಲ್ಲಿ ಹೊರಬರುತ್ತದೆ. ಬಾಯಿ ತೆರೆದಿರುವುದು ಫ್ಯಾನ್ ಬಾಕ್ಸ್, ಲೈಟ್ ಪಾಯಿಂಟ್‌ಗಳಲ್ಲಿ. ಟ್ಯೂಬ್‌ಲೈಟಿನ ಪಕ್ಕ ಕಲೆ ಬಂದದ್ದಕ್ಕೆ ಇದೇ ಕಾರಣ ಇರಬೇಕು. ಎಂಸಿಬಿ ಆಫ್ ಮಾಡಿ ಎಂದು ಮೊದಲೇ ಹೇಳಿದ್ದೂ ಅದಕ್ಕೇ.

ಆ ಬಿಳಿ ಪುಡಿ ಬೂಷ್ಟು ಅಲ್ಲ. ಕಾಂಕ್ರೀಟಿನೊಳಗಿನ ಸುಣ್ಣ, ಉಪ್ಪಿನಂಶವನ್ನು ನೀರು ಕರಗಿಸಿಕೊಂಡು ಮೇಲ್ಮೈಗೆ ಬಂದು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಪುಡಿ ಏಳುತ್ತಿದೆ ಎಂದರೆ ಒಳಗೆ ನೀರು ಓಡಾಡುತ್ತಿದೆ ಎಂದೇ ಅರ್ಥ. ಅದರ ಮೇಲೆ ಎಷ್ಟು ದುಬಾರಿ ಡ್ಯಾಂಪ್‌ಪ್ರೂಫ್ ಪೇಂಟ್ ಹೊಡೆಸಿದರೂ ಹಿಂದಿನಿಂದ ತಳ್ಳುವ ನೀರು ಅದನ್ನು ಗುಳ್ಳೆ ಎಬ್ಬಿಸಿ ಕಿತ್ತುಹಾಕುತ್ತದೆ. ನೀರನ್ನು ಅದು ಒಳಗೆ ನುಗ್ಗುವ ಬದಿಯಲ್ಲಿ ತಡೆಯಬೇಕು. ಹೊರಬರುವ ಬದಿಯಲ್ಲಿ ತಡೆದರೆ ಅದು ಬೇರೆ ದಾರಿ ಹುಡುಕಿಕೊಳ್ಳುತ್ತದೆ.

ಇಂಜೆಕ್ಷನ್‌ಗೂ ಇದೇ ಮಾತು. ಸಂಪಿನ ಗೋಡೆ, ಬೇಸ್‌ಮೆಂಟ್ ಗೋಡೆಯಂಥ ಕಡೆ, ಹೊರಬದಿಗೆ ಕೈ ಹಾಕಲು ಆಗದಿದ್ದಾಗ ಅದು ಒಳ್ಳೆಯ ವಿಧಾನ. ನಿಮ್ಮಲ್ಲಿ ಬಚ್ಚಲಿನ ತಳ ಮೇಲಿನಿಂದಲೇ ಕೈಗೆ ಸಿಗುತ್ತದೆ. ಕೆಳಗಿನಿಂದ ಬಿರುಕು ತುಂಬಿಸಿದರೆ ಹಾಲ್ ಸ್ವಲ್ಪ ಕಾಲ ಒಣಗಿರಬಹುದು, ಆದರೆ ಮೇಲೆ ನೀರು ನಿಂತೇ ಇರುತ್ತದೆ, ಕಾಂಕ್ರೀಟಿನೊಳಗಿನ ಕಂಬಿಗೆ ತುಕ್ಕು ಹಿಡಿಯುತ್ತಲೇ ಇರುತ್ತದೆ. ಈಗ ಕಲೆಯಾದರೂ ಕಣ್ಣಿಗೆ ಬಿದ್ದು ಎಚ್ಚರಿಸುತ್ತಿದೆ, ಆಗ ಅದೂ ಇರುವುದಿಲ್ಲ. ಹತ್ತು ವರ್ಷದ ಗ್ಯಾರಂಟಿ ಎಂದವರ ಬಳಿ ಒಂದೇ ಪ್ರಶ್ನೆ ಕೇಳಿ: ಗ್ಯಾರಂಟಿ ಕೊಡುವವರು ಮಾಲು ತಯಾರಿಸುವ ಕಂಪನಿಯೋ, ಕೆಲಸ ಮಾಡುವ ನೀವೋ? ಮಾಲಿನ ಗ್ಯಾರಂಟಿ ಬೇರೆ, ಕೆಲಸದ ಗ್ಯಾರಂಟಿ ಬೇರೆ. ಷರತ್ತುಗಳನ್ನೂ ಓದಿ. ಸ್ಲ್ಯಾಬ್ ಬಿರುಕು ಬಿಟ್ಟರೆ ಅನ್ವಯಿಸುವುದಿಲ್ಲ, ಆಮೇಲೆ ಡ್ರಿಲ್ ಮಾಡಿದರೆ ಅನ್ವಯಿಸುವುದಿಲ್ಲ ಎಂದು ಎಷ್ಟೋ ಪತ್ರಗಳಲ್ಲಿ ಇರುತ್ತದೆ. ನಮ್ಮ ಊರಿನ ತಾರಸಿಗಳಲ್ಲಿ ಸೋಲಾರ್ ವಾಟರ್ ಹೀಟರ್ ಸ್ಟ್ಯಾಂಡಿಗೆ ಬೋಲ್ಟ್ ಹೊಡೆದು ಅಲ್ಲಿಂದಲೇ ಸೋರಲು ಶುರುವಾದ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮನೆ ಕೆಡವಬೇಕೇ? ಇಪ್ಪತ್ತೆಂಟು ವರ್ಷಕ್ಕೆ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟಿನ) ಮನೆ ಮುದಿಯಾಗುವುದಿಲ್ಲ. ಕೆಡವಿ ಕಟ್ಟುವುದು ನಿಮ್ಮ ದುಡ್ಡು, ವಯಸ್ಸು, ಮಕ್ಕಳ ಅಗತ್ಯ ನೋಡಿ ಮಾಡುವ ತೀರ್ಮಾನ. ಒಂದು ಬಚ್ಚಲು ಸೋರುವುದು ಅದಕ್ಕೆ ಕಾರಣವಾಗಬಾರದು. ಆದರೆ ಒಂದನ್ನು ನೋಡಲೇಬೇಕು. ಕಾಂಕ್ರೀಟು ಒಣಗಿದ್ದಷ್ಟು ದಿನ ಒಳಗಿನ ಕಂಬಿಯನ್ನು ಕಾಪಾಡುತ್ತದೆ. ವರ್ಷಗಟ್ಟಲೆ ತೇವ ಇದ್ದರೆ ತುಕ್ಕು ಶುರುವಾಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಹಾಗಾಗಿ ಕೆಳಗಿನ ಮುಕ್ಕಾಲು ಇಂಚಿನ ಕಾಂಕ್ರೀಟನ್ನು ಒಡೆದು ಉದುರಿಸುತ್ತದೆ. ಕಲೆಯ ಸುತ್ತ ಒಂದು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿಸಿ. ಟಣ್ ಎಂದರೆ ಗಟ್ಟಿ. ಡಬ್ ಎಂದು ಪೊಳ್ಳು ಸದ್ದು ಬಂದರೆ, ಇಲ್ಲವೇ ಕಂಬಿಯ ಉದ್ದಕ್ಕೂ ಗೆರೆ ಎಳೆದಂತೆ ಬಿರುಕು ಕಂಡರೆ, ಮೇಸ್ತ್ರಿ ಕೈಯಲ್ಲಿ ಸಿಮೆಂಟ್ ಮೆತ್ತಿಸಿ ಮುಚ್ಚಿಸಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಫೀಸು ಕೊಟ್ಟು ಕರೆಸಿ. ಎರಡು ವರ್ಷದ ತೇವಕ್ಕೆ ಅಷ್ಟು ಹಾಳಾಗಿರುವುದು ಅಪರೂಪ, ಆದರೂ ನೋಡದೆ ಬಿಡಬಾರದು.

ಇನ್ನು ಬಚ್ಚಲು. ಆ ಕಾಲದ ಮನೆಗಳಲ್ಲಿ ಬಚ್ಚಲಿನ ಮೋಲ್ಡನ್ನು ಒಂಬತ್ತು ಇಂಚೋ ಒಂದಡಿಯೋ ತಗ್ಗಿಸಿ, ಆ ತಗ್ಗಿನಲ್ಲಿ ಪೈಪು ಕೂರಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ನೆಲ ಹಾಕುತ್ತಿದ್ದರು. ಅದನ್ನೇ ಸಂಕನ್ ಎನ್ನುವುದು. ಟೈಲ್ಸ್ ಸಂದಿಗೆ ತುಂಬಿದ ಗ್ರೌಟು ಸವೆದಾಗ ನೀರು ಇಳಿದು ಆ ತಗ್ಗಿನಲ್ಲಿ ತೊಟ್ಟಿಯ ಹಾಗೆ ನಿಲ್ಲುತ್ತದೆ. ಇಟ್ಟಿಗೆ ಚೂರು ಸ್ಪಂಜಿನಂತೆ ಹೀರಿಕೊಂಡಿರುತ್ತದೆ. ನಹಾನಿ ಟ್ರ್ಯಾಪ್ (ಬಚ್ಚಲಿನ ನೆಲದ ನೀರು ಹೊರಹೋಗುವ ಬಾಯಿ) ಅಥವಾ ಕಮೋಡಿನ ಪೈಪು ಗೋಡೆ ದಾಟುವ ಕಡೆ ಬರೀ ಸಿಮೆಂಟ್ ಮೆತ್ತಿರುತ್ತಾರೆ, ಅದು ಕುಗ್ಗಿ ಕೂದಲೆಳೆಯಷ್ಟು ಸಂದು ಬಿಟ್ಟರೆ ಸಾಕು. ಟೈಲ್ಸ್ ಒಡೆಯುವ ಮೊದಲೇ ನನ್ನನ್ನು ಕೇಳಿದ್ದರೆ, ಸಂದಿಗಳನ್ನು ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿ ಒಂದೆರಡು ತಿಂಗಳು ನೋಡಿ ಎನ್ನುತ್ತಿದ್ದೆನೇನೋ. ಕಡಿಮೆ ಖರ್ಚು, ಕೆಲವು ಮನೆಗಳಲ್ಲಿ ಅಷ್ಟೇ ಸಾಕಾಗುತ್ತದೆ. ಆದರೆ ಈಗ ಒಡೆದು ಆಗಿದೆ, ತಳದ ಮೋಲ್ಡ್ ಕಣ್ಣಿಗೆ ಕಾಣುತ್ತಿದೆ. ಈ ಅವಕಾಶ ಇನ್ನು ಇಪ್ಪತ್ತೈದು ವರ್ಷ ಸಿಗುವುದಿಲ್ಲ, ಸರಿಯಾಗಿ ಬಳಸಿಕೊಳ್ಳಿ.

ಮೊದಲು ತಳವನ್ನು ವೈರ್ ಬ್ರಷ್‌ನಿಂದ ಉಜ್ಜಿ ಸಡಿಲ ಗಾರೆ ಎಲ್ಲಾ ತೆಗೆಸಿ. ಹಳೆಯ ಟ್ರ್ಯಾಪು, ಹೊರ ಹೋಗುವ ಪೈಪು, ಗೋಡೆಯೊಳಗಿನ ಜಿಐ ಪೈಪು ಮೂರನ್ನೂ ಬದಲಾಯಿಸಿಬಿಡಿ. ಹೊಸ ಟೈಲ್ಸ್ ಕೆಳಗೆ ಹಳೆಯ ಪೈಪು ಉಳಿಸುವುದು ದೊಡ್ಡ ತಪ್ಪು. ಹೊಸ ಪೈಪನ್ನು ಮುಚ್ಚುವ ಮೊದಲು ಪ್ಲಂಬರ್ ಕೈಯಲ್ಲಿ ಪ್ರೆಷರ್ ಟೆಸ್ಟ್ ಮಾಡಿಸಿ. ಆಮೇಲೆ ನೆಲ, ಗೋಡೆ ಸೇರುವ ಮೂಲೆಗಳನ್ನು ಗಾರೆಯಿಂದ ದುಂಡಗೆ ಮಾಡಿಸಬೇಕು, ಚೌಕ ಮೂಲೆಯಲ್ಲಿ ಕೋಟಿಂಗ್ ಬಿರಿಯುತ್ತದೆ. ಪಾಲಿಮರ್ ಸೇರಿದ ಸಿಮೆಂಟ್ ಕೋಟಿಂಗ್ ಎರಡು ಸಲ, ಎರಡನೆಯದು ಮೊದಲನೆಯದಕ್ಕೆ ಅಡ್ಡಡ್ಡ. ಇದು ತಳಕ್ಕೆ ಮಾತ್ರ ಅಲ್ಲ. ಸುತ್ತ ಗೋಡೆಗೆ ಮುಗಿದ ನೆಲದಿಂದ ಒಂದಡಿ ಮೇಲಕ್ಕೆ, ಶವರ್ ಇರುವ ಗೋಡೆಗೆ ಆರಡಿವರೆಗೆ ಹೋಗಬೇಕು. ಕೋಟಿಂಗಿಗೆ ಮೂಟೆಯಿಂದ ಇನ್ನೊಂದು ಹಿಡಿ ಸಿಮೆಂಟ್ ಬೆರೆಸಿದರೆ ಗಟ್ಟಿ ಎಂದು ಕೆಲವರು ಹಾಕುತ್ತಾರೆ. ಹಾಕಬಾರದು. ಸಿಮೆಂಟ್ ಹೆಚ್ಚಾದಷ್ಟೂ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಡಬ್ಬಿಯಲ್ಲಿ ಬರೆದ ಪ್ರಮಾಣವೇ ಸರಿ.

ಕೋಟಿಂಗ್ ಒಣಗಿದ ಮೇಲೆ ಟ್ರ್ಯಾಪಿನ ಬಾಯಿ ಮುಚ್ಚಿ ನೀರು ಕಟ್ಟಿ 48 ಗಂಟೆ ಬಿಡಿ. ಮಟ್ಟಕ್ಕೆ ಗೆರೆ ಎಳೆಯಿರಿ. ಕೆಳಗೆ ಹಾಲ್‌ನಲ್ಲಿ ಕುರ್ಚಿ ಹಾಕಿಕೊಂಡು ಕಲೆಯನ್ನು ನೀವೇ ನೋಡಿ. ಈ ಪರೀಕ್ಷೆಯನ್ನು ಯಾರು ಬೇಡ ಎಂದರೂ ಒಪ್ಪಬೇಡಿ. ಇದರಲ್ಲಿ ಪಾಸಾದ ಮೇಲೆ ಮಾತ್ರ ತಗ್ಗು ತುಂಬುವುದು. ತುಂಬುವಾಗ ಅಲ್ಲಿ ನಿಂತಿರಿ. ಡೆಬ್ರಿ ಸಾಗಿಸಲು ಗಾಡಿಗೆ ದುಡ್ಡು ಕೊಡಬೇಕಲ್ಲ, ಅದಕ್ಕೇ ಒಡೆದ ಟೈಲ್ಸ್, ಇಟ್ಟಿಗೆ ಚೂರನ್ನೇ ವಾಪಸ್ ಒಳಗೆ ತುಂಬಿಬಿಡುವ ಅಭ್ಯಾಸ ಬಹಳ ಕಡೆ ಇದೆ. ಅದರ ಚೂಪು ಅಂಚು ಕೋಟಿಂಗನ್ನು ಹರಿಯುತ್ತದೆ. ಹಗುರ ಕಾಂಕ್ರೀಟ್ ಹಾಕಿಸಿ. ತಗ್ಗಿನ ತಳದಿಂದ ಹೊರಗೋಡೆಗೆ ಒಂದು ಸಣ್ಣ ಪೈಪು ಬಿಡಿಸಿ. ಮುಂದೆ ಎಂದಾದರೂ ಒಳಗೆ ನೀರು ಇಳಿದರೆ ಅದು ಹೊರಗೆ ತೊಟ್ಟಿಕ್ಕಿ ನಿಮಗೆ ತಿಳಿಸುತ್ತದೆ, ಹಾಲ್‌ಗೆ ಬರುವುದಿಲ್ಲ. ಇಷ್ಟು ಅಗ್ಗದ ವಿಮೆ ಇನ್ನೊಂದಿಲ್ಲ. ತುಂಬಿದ ಮೇಲೆ, ಟೈಲ್ಸಿನ ಕೆಳಗೆ, ಇನ್ನೊಂದು ಸಲ ಕೋಟಿಂಗ್, ಇನ್ನೊಂದು ಸಲ ನೀರು ಕಟ್ಟುವುದು. ಟೈಲ್ಸ್ ಕೂರಿಸುವಾಗ ವಾಟ ನೋಡಿ. ಐದಡಿ ಬಚ್ಚಲಿಗೆ ಮುಕ್ಕಾಲು ಇಂಚಾದರೂ ಟ್ರ್ಯಾಪಿನ ಕಡೆ ಇಳಿಜಾರು ಬೇಕು. ಗ್ರೌಟ್ ತುಂಬುವ ಮೊದಲು ಒಂದು ಚೊಂಬು ನೀರು ಸುರಿದರೆ ಗೊತ್ತಾಗುತ್ತದೆ.

ಇಷ್ಟಕ್ಕೆಲ್ಲ ಎರಡರಿಂದ ಎರಡೂವರೆ ವಾರ ಬೇಕು. ಅದರಲ್ಲಿ ಕೆಲಸದವರು ನಿಜವಾಗಿ ಕೈ ಆಡಿಸುವುದು ಏಳೆಂಟು ದಿನ. ಉಳಿದದ್ದು ಒಣಗುವ, ಕ್ಯೂರಿಂಗ್ ಆಗುವ, ನೀರು ಕಟ್ಟಿ ಕಾಯುವ ದಿನಗಳು. ಮೇಸ್ತ್ರಿಗಳು ಕಳೆದುಹೋಗುವುದು ಸಾಮಾನ್ಯವಾಗಿ ಈ ಖಾಲಿ ದಿನಗಳಲ್ಲೇ.

ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೂ ಅವರು ಯಾಕೆ ಹೀಗೆ ಮಾಡುತ್ತಾರೆ ಎಂಬುದು ಗೊತ್ತಿದ್ದರೆ ಮುಂದಿನ ಸಲ ತಪ್ಪಿಸಬಹುದು. ಸಣ್ಣ ಮೇಸ್ತ್ರಿ ಒಂದೇ ಹೊತ್ತಿನಲ್ಲಿ ಮೂರು ನಾಲ್ಕು ಮನೆ ಹಿಡಿದಿರುತ್ತಾರೆ. ಗಾರೆಯವರು, ಹೆಲ್ಪರ್‌ಗಳು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರು, ಬಿಹಾರ, ಬಂಗಾಳದಿಂದ ಬಂದವರು. ಅವರಿಗೆ ಪ್ರತಿ ಶನಿವಾರ ಬಟವಾಡೆ ಆಗಲೇಬೇಕು. ಒಂದು ವಾರ ತಪ್ಪಿದರೆ ಸೋಮವಾರ ಅವರು ಬೇರೆ ಸೈಟಿನಲ್ಲಿರುತ್ತಾರೆ. ಹಿಂದಿನ ಮನೆಯವರು ಕೊನೆಯ ಕಂತು ಕೊಡದೆ ಸತಾಯಿಸಿದರೆ ನಿಮ್ಮ ಮುಂಗಡ ಅಲ್ಲಿನ ಬಟವಾಡೆಗೆ ಹೋಗುತ್ತದೆ. ನಿಮ್ಮ ಮನೆಯ ಮಾಲಿಗೆ ದುಡ್ಡು ಬೇಕಾದಾಗ ಇನ್ನೊಂದು ಹೊಸ ಮನೆ ಹಿಡಿದು ಅಲ್ಲಿಂದ ಮುಂಗಡ ತರಬೇಕು. ಆ ಹೊಸ ಮನೆಯವರು ಕೆಲಸ ಶುರು ಮಾಡಿ ಎನ್ನುತ್ತಾರೆ. ಸುಳಿಯಲ್ಲಿ ಸಿಕ್ಕಿದವರು ಫೋನ್ ಎತ್ತುವುದಿಲ್ಲ, ಹೇಳಲು ಉತ್ತರ ಇರುವುದಿಲ್ಲ. ಇದು ಅವರ ತಪ್ಪಲ್ಲ ಎಂದಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಮುಂಗಡ ಸಿಕ್ಕಿದ ಮನೆಗೆ ವಾಪಸ್ ಬರಲು ಅವರಿಗೆ ಅವಸರವೂ ಇರುವುದಿಲ್ಲ.

ಆದ್ದರಿಂದ ಲೆಕ್ಕ ಹಾಕಿ. ಗಾರೆಯವರಿಗೆ ದಿನಕ್ಕೆ 1,100, ಹೆಲ್ಪರ್‌ಗೆ 800 ಎಂದು ಹಿಡಿದರೂ ದಿನಕ್ಕೆ 2,700, ಆರು ದಿನಕ್ಕೆ 16,200. ಡೆಬ್ರಿ ಗಾಡಿ, ಮೇಸ್ತ್ರಿಯ ಓಡಾಟ, ಲಾಭ ಸೇರಿಸಿ 25 ಸಾವಿರ ಅನ್ನೋಣ. ಮೆಟೀರಿಯಲ್ ಏನೂ ತಂದಿಲ್ಲವಾದರೆ ಸುಮಾರು 45 ಸಾವಿರ ನಿಮ್ಮದು ಅವರ ಬಳಿ ಇದೆ.

ಈಗ ನಿಮ್ಮ ಮುಂದಿರುವ ದಾರಿಗಳಲ್ಲಿ ನಾನು ಮೊದಲು ಹಿಡಿಯುವುದು ಮಾತುಕತೆ. ಮೇಸ್ತ್ರಿ ಇನ್ನೊಂದು ಮನೆಯಲ್ಲಿ ಕೆಲಸ ಮಾಡುತ್ತಿರುವುದು ಗೊತ್ತಾದರೆ ಬೆಳಿಗ್ಗೆ ಒಂಬತ್ತಕ್ಕೆ, ಕೆಲಸ ಶುರುವಾಗುವ ಹೊತ್ತಿಗೆ, ನಿಮ್ಮ ತಮ್ಮನನ್ನು ಕರೆದುಕೊಂಡು ಹೋಗಿ ಶಾಂತವಾಗಿ ಮಾತಾಡಿ. ಅಲ್ಲಿನ ಮನೆಯವರ ಮುಂದೆ ಅವಮಾನ ಮಾಡಬೇಡಿ. ಒಂದು ಸಲ ಹಾಗೆ ಮಾಡಿದರೆ ಅವರು ನಿಮ್ಮ ಮನೆಗೆ ಮತ್ತೆ ಬರುವುದಿಲ್ಲ. ಎರಡು ಆಯ್ಕೆ ಕೊಡಿ. ಇಂಥ ದಿನದಿಂದ ಬಂದು ಮುಗಿಸಿಕೊಡಿ, ಇನ್ನು ಮೆಟೀರಿಯಲ್ ನಾನೇ ತರುತ್ತೇನೆ, ಕೂಲಿ ಮಾತ್ರ ಲೆಕ್ಕ. ಇಲ್ಲವೇ ಲೆಕ್ಕ ಮಾಡಿ ಉಳಿದದ್ದು ವಾಪಸ್ ಕೊಡಿ. ಆಡಿದ ಮಾತನ್ನು ಅವತ್ತೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ಏಳು ದಿನದ ಗಡುವು ಹಾಕಿ. ಬಚ್ಚಲಿನ ಈಗಿನ ಸ್ಥಿತಿಯ ಫೋಟೋ, ವಿಡಿಯೋ ದಿನಾಂಕ ಸಮೇತ ಇಟ್ಟುಕೊಳ್ಳಿ. ಗಡುವು ಮುಗಿಯುವವರೆಗೆ ಬೇರೆಯವರನ್ನು ಇಳಿಸಬೇಡಿ. ಇಳಿಸಿದರೆ ಯಾರು ಎಷ್ಟು ಮಾಡಿದರು ಎಂಬುದು ಕಲಸಿಹೋಗುತ್ತದೆ. ಅವರು ಬಂದರೂ ಇನ್ನೊಂದು ರೂಪಾಯಿ ಮುಂಗಡ ಬೇಡ.

ಬಾರದಿದ್ದರೆ ಗ್ರಾಹಕರ ಆಯೋಗ ಇದೆ. ದುಡ್ಡು ತೆಗೆದುಕೊಂಡು ಕೆಲಸ ಅರ್ಧಕ್ಕೆ ಬಿಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವಾ ನ್ಯೂನತೆ. ಘಟನೆಯಿಂದ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ನೀವಿರುವ ಜಿಲ್ಲೆಯಲ್ಲೇ ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆಯೂ ನೀವೇ ವಾದಿಸಬಹುದು. ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ಕೇಳಿ. ಆದರೆ ಸಮಯ ಹಿಡಿಯುತ್ತದೆ, ಮೇಸ್ತ್ರಿಯ ಸರಿಯಾದ ವಿಳಾಸ ಬೇಕು, ಆದೇಶ ಬಂದ ಮೇಲೂ ವಸೂಲಿ ಸುಲಭವಲ್ಲ. 45 ಸಾವಿರಕ್ಕಾಗಿ ಅಷ್ಟು ಅಲೆದಾಟ ನಿಮ್ಮಿಬ್ಬರಿಗೂ ಆದೀತೇ ಎಂದು ನೀವೇ ಯೋಚಿಸಬೇಕು. ಒಂದು ನೋಟಿಸ್ ಹೋದ ಮೇಲೆ ಮೇಸ್ತ್ರಿ ಮಾತುಕತೆಗೆ ಬಂದ ಪ್ರಸಂಗಗಳನ್ನು ನಾನು ನೋಡಿದ್ದೇನೆ. ಪೊಲೀಸರ ವಿಷಯದಲ್ಲಿ ನಿಮ್ಮ ತಮ್ಮನಿಗೆ ಹೇಳಿ: ಕೆಲಸ ಅರ್ಧಕ್ಕೆ ಬಿಟ್ಟದ್ದು ಮಾತ್ರಕ್ಕೆ ಅದು ವಂಚನೆಯ ಅಪರಾಧ ಆಗುವುದಿಲ್ಲ, ಮೊದಲಿನಿಂದಲೇ ಮೋಸ ಮಾಡುವ ಉದ್ದೇಶ ಇತ್ತೆಂದು ತೋರಬೇಕು. ನಿಮ್ಮ ಮೇಸ್ತ್ರಿಯ ಕಡೆಯವರು ಆರು ದಿನ ದುಡಿದು ಹೋಗಿದ್ದಾರೆ. ಸಿವಿಲ್ ವಿಷಯ ಎಂದು ಠಾಣೆಯಲ್ಲಿ ಹೇಳಿ ಕಳಿಸುವ ಸಂಭವವೇ ಹೆಚ್ಚು.

ಹೊಸಬರನ್ನು ಹಿಡಿಯಬೇಕಾಗಿ ಬಂದರೆ, ಅವರು ಹೋದ ವಾರ ಮುಗಿಸಿದ ಬಚ್ಚಲು ತೋರಿಸುತ್ತೇನೆ ಎಂದರೆ ಬೇಡ ಅನ್ನಿ. ಎರಡು ವರ್ಷದ ಹಿಂದೆ ಮಾಡಿದ್ದನ್ನು ತೋರಿಸಲಿ, ಆ ಮನೆಯವರ ಕೆಳಗಿನ ಸೂರು ನೋಡಿ. ಮೂರು ಕೊಟೇಷನ್‌ಗಳಲ್ಲಿ ಒಂದು ತೀರಾ ಕಡಿಮೆ ಇದ್ದರೆ ಏನು ಬಿಟ್ಟಿದ್ದಾರೆ ಎಂದು ಕೇಳಿ. ಸಾಮಾನ್ಯವಾಗಿ ಎರಡನೇ ಕೋಟಿಂಗೋ ಪೈಪು ಬದಲಾಯಿಸುವುದೋ ಬಿಟ್ಟಿರುತ್ತಾರೆ. ಒಂದು ಹಾಳೆಯಲ್ಲಿ ಏನೇನು ಕೆಲಸ, ಯಾವ ಮಾಲು, ಯಾರು ತರಬೇಕು, ಯಾವ ಹಂತಕ್ಕೆ ಎಷ್ಟು ಹಣ ಎಂದು ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಹಾಕಿ. ಅವರ ಆಧಾರ್ ಪ್ರತಿ ಕೇಳಿ, ಹಣವನ್ನು ಅವರ ಹೆಸರಿನ ಖಾತೆಗೇ ಹಾಕಿ. ಕೋಟಿಂಗ್ ಡಬ್ಬಿ, ಟೈಲ್ಸ್, ಪೈಪು ನೀವೇ ಖರೀದಿಸಿ. ಹೀಗೆ ಮಾಡಿದರೆ ಮುಂಗಡದ ಅಗತ್ಯವೇ ಮುಕ್ಕಾಲು ಪಾಲು ಇಲ್ಲವಾಗುತ್ತದೆ.

ಕೂಲಿ 50 ಸಾವಿರ ಎಂದುಕೊಳ್ಳಿ. ಶುರುವಿಗೆ 5 ಸಾವಿರ ಕೊಡಿ. ಕೆಲಸ ನಡೆದ ವಾರ ಶನಿವಾರ ಬಟವಾಡೆಯಷ್ಟನ್ನು ತಪ್ಪದೆ, ಮಧ್ಯಾಹ್ನವೇ, ಕೊಡಿ. ಅದನ್ನು ಎಂದೂ ತಡಮಾಡಬೇಡಿ. ಮೇಸ್ತ್ರಿಯ ಲಾಭದ ಪಾಲು ಮಾತ್ರ ಪರೀಕ್ಷೆಗಳಿಗೆ ಕಟ್ಟಿರಲಿ. ಮೊದಲ ಸಲ ನೀರು ಕಟ್ಟಿ ಪಾಸಾಗಿ, ಅವರು ವಾಪಸ್ ಬಂದು ತಗ್ಗು ತುಂಬಲು ಶುರು ಮಾಡಿದ ದಿನ ಒಂದು ಕಂತು. ಕೋಟಿಂಗ್ ಮುಗಿಸಿ ಹೋಗುವಾಗ ಅಲ್ಲ, ವಾಪಸ್ ಬಂದಾಗ. ಎರಡನೇ ಸಲ ಪಾಸಾಗಿ ಟೈಲ್ಸ್ ಶುರುವಾದಾಗ ಇನ್ನೊಂದು. ಕೊನೆಯ 7–8 ಸಾವಿರ ಬಾಡಿಗೆಯವರು ಒಂದು ತಿಂಗಳು ಸ್ನಾನ ಮಾಡಿದ ಮೇಲೆ. ಇಡೀ ಮಳೆಗಾಲ ಮುಗಿಯುವವರೆಗೆ ಹಣ ತಡೆಹಿಡಿಯಿರಿ ಎಂದು ಕೆಲವರು ಹೇಳುತ್ತಾರೆ. ತಾರಸಿ ಕೆಲಸಕ್ಕಾದರೆ ಸರಿ, ಬಚ್ಚಲಿಗೆ ಅದು ಅನ್ಯಾಯ. ದುಡಿದವರ ಹಣವನ್ನು ಕಾರಣವಿಲ್ಲದೆ ಇಟ್ಟುಕೊಂಡರೆ ನಾಳೆ ಇನ್ನೊಂದು ಮನೆಯ ಬಚ್ಚಲು ಅರ್ಧಕ್ಕೆ ನಿಲ್ಲುತ್ತದೆ. ಕುಡಿಯಲು ನೀರು, ಬಳಸಲು ಒಂದು ಟಾಯ್ಲೆಟ್, ಹನ್ನೊಂದಕ್ಕೆ ಒಂದು ಲೋಟ ಟೀ, ಇಷ್ಟು ಸಿಕ್ಕಿದ ಮನೆಗೆ ಗಾರೆಯವರು ತಾವಾಗಿ ವಾಪಸ್ ಬರುವುದನ್ನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ.

ಬಾಡಿಗೆಯವರ ಜೊತೆ ಇವತ್ತೇ ಕೂತು ಮಾತಾಡಿ. ಇನ್ನು ನಾಲ್ಕು ವಾರ ಎಂದು ಒಂದು ದಿನಾಂಕ ಹೇಳಿ, ಈ ತಿಂಗಳ ಬಾಡಿಗೆಯಲ್ಲಿ ಒಂದಷ್ಟು ಬಿಡಿ. ಮನೆ ಖಾಲಿಯಾದರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು.

ಬಣ್ಣದ ವಿಷಯ. ಸೋರುವುದು ನಿಂತ ದಿನವೇ ಸೂರು ಒಣಗುವುದಿಲ್ಲ. ಸ್ಲ್ಯಾಬಿನೊಳಗೆ ಹೀರಿಕೊಂಡ ನೀರು ಆರಲು ವಾರಗಳೇ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅಷ್ಟರಲ್ಲಿ ಹಳೆಯ ಬಣ್ಣ, ಪುಟ್ಟಿ ಕೆರೆಸಿ ಸಿಮೆಂಟ್ ಕಾಣುವಂತೆ ಬಿಡಿ, ಬಿಳಿ ಪುಡಿಯನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಸಿ, ನೀರು ಹಾಕಿ ತೊಳೆಸಬೇಡಿ. ಆಮೇಲೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಕಲೆಯಿದ್ದ ಜಾಗಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಒಳಬದಿಯಲ್ಲಿ ಮಂಜು ಹಿಡಿದಿದ್ದರೆ ಇನ್ನೂ ಹದಿನೈದು ದಿನ ಕಾದು ಮತ್ತೆ ಅಂಟಿಸಿ. ಹಾಳೆ ಒಣಗಿಯೇ ಇದ್ದ ದಿನ ಪೇಂಟರ್‌ಗೆ ಫೋನ್ ಮಾಡಿ.